ಓಸಿ ಇಲ್ಲದ ಹಳೇ ಫ್ಲ್ಯಾಟ್, ಓನರ್ ಅಮೆರಿಕದಲ್ಲಿ, ಒಳಗೆ ಬಾಡಿಗೆದಾರರು: ತಗೊಳ್ಳಲಾ, ಬೇಡವಾ?

ಬೆಣ್ಣೆದೋಸೆ_ದಾವಣಗೆರೆ · 8 ನವೆಂಬರ್ 2025

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ನಾನು ದಾವಣಗೆರೆಯವಳು, ಇಲ್ಲೇ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಅಪ್ಪ ರಿಟೈರ್ ಆದಾಗ ಬಂದ ದುಡ್ಡು ಎಫ್‌ಡಿಯಲ್ಲಿದೆ. ಅದಕ್ಕೆ ನನ್ನ ಉಳಿತಾಯವನ್ನೂ ಸೇರಿಸಿ ಬೆಂಗಳೂರಿನಲ್ಲಿ ಒಂದು ಮನೆ ತಗೊಂಡು ಬಾಡಿಗೆಗೆ ಬಿಡೋಣ ಅಂತ ಆಸೆ. ಬನಶಂಕರಿ ಮೂರನೇ ಹಂತದಲ್ಲಿ ಒಂದು ಫ್ಲ್ಯಾಟ್ ನೋಡಿದ್ದೇವೆ. 40/60ರ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಸೈಟಿನಲ್ಲಿ ಕಟ್ಟಿರುವ ಸಣ್ಣ ಅಪಾರ್ಟ್‌ಮೆಂಟ್, ಒಟ್ಟು ಎಂಟು ಮನೆ. ನಾವು ನೋಡಿದ್ದು ಮೂರನೇ ಮಹಡಿಯದು, ಎರಡು ಬೆಡ್‌ರೂಮು, ಕಟ್ಟಿ ಹತ್ತೊಂಬತ್ತು ವರ್ಷ ಆಗಿದೆ. ಕಿಟಕಿ ತೆಗೆದರೆ ಪಕ್ಕದ ಮನೆಯ ತೆಂಗಿನ ಗರಿ ಕೈಗೆ ಸಿಗುತ್ತದೆ. ಅಮ್ಮನಿಗೆ ಅಲ್ಲೇ ಮನಸ್ಸು ಬಿದ್ದು ಹೋಯಿತು.

ಬೆಲೆ 58 ಲಕ್ಷ. ಒಳಗೆ ಈಗಾಗಲೇ ಬಾಡಿಗೆದಾರರಿದ್ದಾರೆ, ವಯಸ್ಸಾದ ಗಂಡ ಹೆಂಡತಿ, ತಿಂಗಳಿಗೆ 22,000 ಕೊಡುತ್ತಾರೆ. ಅಡ್ವಾನ್ಸ್ ಒಂದೂವರೆ ಲಕ್ಷ ಅಂತ ಬ್ರೋಕರ್ ಹೇಳಿದ. ಓನರ್ ಅಮೆರಿಕದಲ್ಲಿದ್ದಾರೆ, ಅವರ ತಮ್ಮ ಇಲ್ಲಿ ಜಿಪಿಎ (ಓನರ್ ಪರವಾಗಿ ವ್ಯವಹರಿಸಲು ಬರೆದುಕೊಟ್ಟ ಅಧಿಕಾರಪತ್ರ) ಇಟ್ಟುಕೊಂಡು ವ್ಯವಹಾರ ನೋಡುತ್ತಿದ್ದಾರೆ. ನಾವು ಬ್ಯಾಂಕ್ ಸಾಲ ಮಾಡುವುದಿಲ್ಲ.

ಕೈಗೆ ಕೊಟ್ಟಿರುವುದು ನಾಲ್ಕು ಜೆರಾಕ್ಸ್: 2006ರ ಕ್ರಯಪತ್ರ, ಹಳೇ ಖಾತಾ ಸರ್ಟಿಫಿಕೇಟ್ ಮತ್ತು ಎಕ್ಸ್‌ಟ್ರ್ಯಾಕ್ಟ್, ಈ ವರ್ಷದ ಕಂದಾಯ ಕಟ್ಟಿದ ರಸೀತಿ, ಒಂದು ಇಸಿ (ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳ ಪಟ್ಟಿ). ಓಸಿ, ಅಂದರೆ ಕಟ್ಟಡ ನಕ್ಷೆಯಂತೆ ಇದೆ, ವಾಸ ಮಾಡಬಹುದು ಅಂತ ಕೊಡುವ ಸರ್ಕಾರಿ ಪತ್ರ, ಅದನ್ನು ಕೇಳಿದೆ. ಬ್ರೋಕರ್ ನಕ್ಕುಬಿಟ್ಟ. "ಮೇಡಂ, ಬೆಂಗಳೂರಲ್ಲಿ ಓಸಿ ಯಾರ ಹತ್ರ ಇದೆ ಹೇಳಿ? ಇದು ಎ ಖಾತಾ, ಇನ್ನೇನು ಬೇಕು?" ಅಂದ. ಬರುವ ಭಾನುವಾರದೊಳಗೆ ಎರಡು ಲಕ್ಷ ಟೋಕನ್ ಕೊಡಬೇಕಂತೆ, ಇನ್ನೊಬ್ಬರು ಕಾಯುತ್ತಿದ್ದಾರಂತೆ. ಈ ನಾಲ್ಕು ಕಾಗದ ಸಾಕಾ? ಗೊತ್ತಿರುವವರು ಹೇಳಿ ಪ್ಲೀಸ್.

ಹಳೇ_ಲೆಡ್ಜರ್ · 8 ನವೆಂಬರ್ 2025

ಇನ್ನೊಬ್ಬರು ಯಾವಾಗಲೂ ಕಾಯುತ್ತಲೇ ಇರುತ್ತಾರಮ್ಮ. ಇಪ್ಪತ್ತೆಂಟು ವರ್ಷ ಬ್ಯಾಂಕಿನಲ್ಲಿ ಗೃಹಸಾಲದ ಫೈಲು ನೋಡಿದವನು ನಾನು. ಆ ಇನ್ನೊಬ್ಬರನ್ನು ಒಂದು ಸಲವೂ ಕಣ್ಣಾರೆ ಕಂಡಿಲ್ಲ.

ನಿಮ್ಮ ಪೋಸ್ಟ್‌ನಲ್ಲಿ ನನಗೆ ಜಾಸ್ತಿ ಹೆದರಿಕೆ ಹುಟ್ಟಿಸಿದ್ದು ಓಸಿ ಅಲ್ಲ, "ಸಾಲ ಮಾಡುವುದಿಲ್ಲ" ಅನ್ನುವ ಮಾತು. ಸಾಲ ತಗೊಳ್ಳುವವರ ಕಾಗದವನ್ನು ಬ್ಯಾಂಕಿನ ವಕೀಲರು ಒಂದು ಸಲ, ಇಂಜಿನಿಯರ್ ಒಂದು ಸಲ ನೋಡುತ್ತಾರೆ. ಅವರು ನೋಡುವುದು ಬ್ಯಾಂಕಿನ ದುಡ್ಡಿಗೋಸ್ಕರ ನಿಜ, ಆದರೂ ಒಂದು ಕಾವಲು. ಪೂರ್ತಿ ಸ್ವಂತ ದುಡ್ಡು ಹಾಕುವವರಿಗೆ ಆ ಕಾವಲೂ ಇಲ್ಲ. ಹಾಗಾಗಿ ಬೇಕಿಲ್ಲದಿದ್ದರೂ ಹತ್ತು ಲಕ್ಷದ ಸಾಲಕ್ಕೆ ಅರ್ಜಿ ಹಾಕಿ ನೋಡಿ. ಬ್ಯಾಂಕು ಯಾವ ಕಾಗದ ಕೇಳುತ್ತದೆ, ಯಾವುದಕ್ಕೆ ಮೂಗು ಮುರಿಯುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಸಿಗುತ್ತದೆ.

ಈಗ ಆ ನಾಲ್ಕು ಕಾಗದ. ಖಾತಾ ಅಂದರೆ ಕಂದಾಯ ಯಾರ ಹೆಸರಿನಲ್ಲಿ ಕಟ್ಟುತ್ತಿದ್ದಾರೆ ಅನ್ನುವ ಲೆಕ್ಕ, ಅಷ್ಟೇ. ಎ (ನಿಯಮದಂತೆ ಇರುವ ಆಸ್ತಿಯದು) ಆಗಲಿ ಬಿ (ನಿಯಮ ತಪ್ಪಿದ ಆಸ್ತಿಯದು) ಆಗಲಿ ಅದು ಮಾಲೀಕತ್ವದ ಪತ್ರ ಅಲ್ಲ. ಈ ಒಂದು ವಿಷಯ ಅರ್ಥವಾಗದೆ ಎಷ್ಟು ಜನ ಕೈ ಸುಟ್ಟುಕೊಂಡರು ಅಂತ ಹೇಳಿದರೆ ರಾತ್ರಿಯಾಗುತ್ತದೆ. ಜೊತೆಗೆ ನಿಮಗೆ ಕೊಟ್ಟಿರುವುದು ಹಳೇ ಕಾಗದದ ಖಾತಾ. ಬೆಂಗಳೂರಿನಲ್ಲಿ ಅಕ್ಟೋಬರ್ 2024ರಿಂದ ಇ-ಖಾತಾ (ಆನ್‌ಲೈನ್ ಖಾತಾ) ಇಲ್ಲದೆ ಕ್ರಯ ನೋಂದಣಿ ಆಗುವುದಿಲ್ಲ. ಅದನ್ನು ಮಾಡಿಸಿಕೊಡಬೇಕಾದವರು ಮಾರುವವರು. "ಆಮೇಲೆ ಮಾಡಿಸೋಣ" ಅಂದರೆ, ಆಮೇಲೇ ಟೋಕನ್ ಕೊಡುತ್ತೇನೆ ಅನ್ನಿ.

ಇಸಿಯಲ್ಲಿ ಎರಡು ಕಡೆ ನೋಡಿ. ಎಲ್ಲಿಂದ ಎಲ್ಲಿಯವರೆಗೆ ತೆಗೆದಿದ್ದಾರೆ, ಯಾವ ಷೆಡ್ಯೂಲಿಗೆ (ಆಸ್ತಿಯ ವಿವರಕ್ಕೆ) ತೆಗೆದಿದ್ದಾರೆ. ಕಂಪ್ಯೂಟರ್‌ನಲ್ಲಿ ಸಿಗುವುದು 1-4-2004ರಿಂದ ಈಚೆಗಿನದು. ಅದಕ್ಕಿಂತ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಬೇರೆ ಅರ್ಜಿ ಕೊಡಬೇಕು, ಪುಸ್ತಕ ಹುಡುಕಿ ಕೈಬರಹದಲ್ಲಿ ಕೊಡುತ್ತಾರೆ. ಇನ್ನು ಫ್ಲ್ಯಾಟ್ ನಂಬರಿಗೆ ಮಾತ್ರ ಇಸಿ ತೆಗೆದರೆ ಆ ಫ್ಲ್ಯಾಟ್ ಹುಟ್ಟಿದ ಮೇಲಿನ ಕಥೆ ಮಾತ್ರ ಬರುತ್ತದೆ. ಅಡಿಯಲ್ಲಿರುವ ಸೈಟಿನ ಕಥೆ ಬರುವುದಿಲ್ಲ. ಸೈಟ್ ನಂಬರಿಗೂ ಒಂದು ಬೇರೆ ಇಸಿ ತೆಗೆಸಿ. ಅದರಲ್ಲೂ ಕೋರ್ಟು ಕೇಸು, ನೋಂದಣಿಯಾಗದ ಕರಾರು ಇವು ಯಾವುದೂ ಕಾಣುವುದಿಲ್ಲ, ಅದು ನೆನಪಿರಲಿ.

ಬಿಡಿಎ ಸೈಟ್ ಆಗಿರುವುದು ಒಂದು ಸಮಾಧಾನ. ಹಂಚಿಕೆ ಪತ್ರ, ಲೀಸ್ ಕಮ್ ಸೇಲ್ (ಮೊದಲು ಗುತ್ತಿಗೆ, ಆಮೇಲೆ ಮಾರಾಟ ಅನ್ನುವ ಕರಾರು), ಆಮೇಲೆ ಬಿಡಿಎ ಕೊಟ್ಟ ಶುದ್ಧ ಕ್ರಯಪತ್ರ, ಇವು ಮೂರು ಸರಿ ಇದ್ದರೆ ಬುಡ ಗಟ್ಟಿ. ರೆವಿನ್ಯೂ ಜಾಗ (ಕೃಷಿ ಜಮೀನಿನಿಂದ ಬಂದದ್ದು) ಆಗಿದ್ದರೆ ಪಹಣಿ, ಮ್ಯುಟೇಶನ್, ಕನ್ವರ್ಷನ್ ಆದೇಶ, ವಂಶವೃಕ್ಷ, 1978ರ ಪಿಟಿಸಿಎಲ್ ಕಾಯ್ದೆಗೆ (ಎಸ್‌ಸಿ, ಎಸ್‌ಟಿಯವರಿಗೆ ಮಂಜೂರಾದ ಜಮೀನಿನ ಮಾರಾಟ ತಡೆಯುವ ಕಾಯ್ದೆ) ಬರುವ ಮಂಜೂರಾತಿ ಜಮೀನಾ ಅಲ್ಲವಾ ಅಂತೆಲ್ಲ ಕೆದಕಬೇಕಾಗಿತ್ತು.

ಇನ್ನು ಓಸಿ. ಇದೆಯಾ ಇಲ್ಲವಾ ಅಂತ ಕೇಳಿ ಸುಮ್ಮನಾಗಬೇಡಿ. ಯಾಕಿಲ್ಲ ಅಂತ ಕೇಳಿ. ಬಿಲ್ಡರ್ ಸೋಮಾರಿ, ಅರ್ಜಿಯೇ ಹಾಕಲಿಲ್ಲ ಅನ್ನುವುದು ಒಂದು. ಪಕ್ಕದಲ್ಲಿ ಬಿಡಬೇಕಾದ ಜಾಗ ಅರ್ಧ ಮೀಟರ್ ನುಂಗಿದ್ದಾನೆ ಅನ್ನುವುದು ಇನ್ನೊಂದು. ಪ್ಲಾನ್‌ನಲ್ಲಿ ಇಲ್ಲದ ಮಹಡಿಯನ್ನೇ ಕಟ್ಟಿದ್ದಾನೆ ಅನ್ನುವುದು ಬೇರೆಯೇ ಜಾತಿಯ ಕಾಯಿಲೆ. ಮಂಜೂರಾದ ನಕ್ಷೆಯ ಪ್ರತಿ ಹುಡುಕಿ. ಓನರ್ ಹತ್ತಿರ ಇಲ್ಲದಿದ್ದರೆ ಅಸೋಸಿಯೇಷನ್ ಸೆಕ್ರೆಟರಿ ಹತ್ತಿರವೋ, ಸಾಲ ತಗೊಂಡ ಬೇರೆ ಮನೆಯವರ ಹತ್ತಿರವೋ ಇರುತ್ತದೆ. ಅದರಲ್ಲಿ ನಿಮ್ಮ ಮನೆ ಇದೆಯಾ ನೋಡಿ. ನಗಬೇಡಿ, ನಿಜವಾಗಿ ಹೇಳುತ್ತಿದ್ದೇನೆ, ಮೂರನೇ ಮಹಡಿ ಅಂದ ಕೂಡಲೇ ನನಗೆ ಮೊದಲು ಬಂದ ಅನುಮಾನ ಅದೇ.

ಹಾಗೇ ಕ್ರಯಪತ್ರದಲ್ಲಿ ಜಾಗದ ಅವಿಭಾಜ್ಯ ಪಾಲು ಎಷ್ಟು ಚದರಡಿ ಅಂತ ಬರೆದಿರುತ್ತದೆ, ಯುಡಿಎಸ್ ಅಂತಾರಲ್ಲ ಅದು. ಸೈಟು 2400 ಚದರಡಿ. ಎಂಟೂ ಮನೆಯ ಪಾಲು ಕೂಡಿಸಿದರೆ 2400 ದಾಟಬಾರದು. ಇನ್ನೊಬ್ಬ ಓನರ್ ಪತ್ರ ಸಿಕ್ಕರೆ ಹೋಲಿಸಿ ನೋಡಿ.

ಮೂರು_ಮನೆ_ಮಂಜ · 9 ನವೆಂಬರ್ 2025

ಲೆಡ್ಜರ್ ಸರ್, ನೀವು ಹೇಳುವುದನ್ನೆಲ್ಲ ಕೇಳಿದರೆ ಬೆಂಗಳೂರಿನಲ್ಲಿ ಯಾರೂ ಮನೆ ತಗೊಳ್ಳುವ ಹಾಗೇ ಇಲ್ಲ 😄

ಅಕ್ಕ, ನನ್ನ ಹತ್ತಿರ ಮೂರು ಸಣ್ಣ ಫ್ಲ್ಯಾಟ್ ಇವೆ. ಒಂದಕ್ಕೂ ಓಸಿ ಇಲ್ಲ. 2009ರಿಂದ ಬಾಡಿಗೆ ಬರುತ್ತಿದೆ, ಒಂದು ತಿಂಗಳೂ ನಿಂತಿಲ್ಲ. ಬಾಡಿಗೆಗೆ ಬರುವವರು ಯಾರಾದರೂ ಓಸಿ ಕೇಳುತ್ತಾರಾ? ನೀರು ಎಷ್ಟು ಹೊತ್ತು ಬರುತ್ತದೆ, ಬೈಕ್ ಎಲ್ಲಿ ನಿಲ್ಲಿಸಬೇಕು, ನಾನ್‌ವೆಜ್ ಮಾಡಬಹುದಾ ಅಂತ ಕೇಳುತ್ತಾರೆ. ಮೀಟರ್ ಇದೆ, ನೀರಿನ ಕನೆಕ್ಷನ್ ಇದೆ, ಎ ಖಾತಾ ಇದೆ. ಎಲ್ಲ ಸರಿ ಇರುವ ಮನೆ ಬೇಕು ಅಂದರೆ 58 ಅಲ್ಲ, 85 ಇಟ್ಟುಕೊಂಡು ಹೊರಡಿ.

ಮತ್ತೆ 22,000 ಬಾಡಿಗೆಗೆ 58 ಲಕ್ಷ ಕೆಟ್ಟ ಲೆಕ್ಕ ಅಲ್ಲ. ಎಷ್ಟೋ ಕಡೆ ಇದರ ಮುಕ್ಕಾಲು ಪಾಲೂ ಹುಟ್ಟುವುದಿಲ್ಲ.

ಟೀ_ಅಂಗಡಿ_ಪತ್ರಬರಹ · 9 ನವೆಂಬರ್ 2025

ಮಂಜಣ್ಣ, ಲೆಕ್ಕ ಪೂರ್ತಿ ಹಾಕಿ. ನಾನು ದಿನಾ ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರೇ ಕೂತಿರುವವನು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಸ್ಟ್ಯಾಂಪ್ ಡ್ಯೂಟಿ ಶೇ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ 5.6. ಒಟ್ಟು 7.6. ಅಂದರೆ 58 ಲಕ್ಷಕ್ಕೆ 4,40,800 ರೂಪಾಯಿ ಬರೀ ಸರ್ಕಾರಕ್ಕೆ. ಮನೆ ನಿಮಗೆ ಬೀಳುವುದು 62 ಲಕ್ಷ 40 ಸಾವಿರಕ್ಕೆ. ವರ್ಷಕ್ಕೆ ಬಾಡಿಗೆ 2,64,000. ಶೇ 4.2 ಚಿಲ್ಲರೆ. ಅದರಲ್ಲಿ ಕಂದಾಯ, ಪೇಂಟು, ಮೋಟರ್ ರಿಪೇರಿ, ಮಧ್ಯೆ ಒಂದು ತಿಂಗಳು ಖಾಲಿ ಇದ್ದರೆ ಅದು, ಎಲ್ಲ ಕಳೆಯಿರಿ. ಅಪ್ಪನ ಎಫ್‌ಡಿಯೇ ಇದಕ್ಕಿಂತ ಜಾಸ್ತಿ ಕೊಡುತ್ತಿರಬೇಕು. ಹಾಗಾದರೆ ನೀವು ನಂಬಿಕೊಂಡಿರುವುದು ನಾಳೆ ಜಾಸ್ತಿ ಬೆಲೆಗೆ ಮಾರಬಹುದು ಅನ್ನುವುದನ್ನು ಅಲ್ವಾ? ಮಾರುವ ದಿನ ಕೊಳ್ಳುವವರು ಓಸಿ ಕೇಳಿದರೆ ಏನು ಮಾಡುತ್ತೀರಿ?

2009ರಲ್ಲಿ ಯಾರೂ ಕೇಳುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಓಸಿ ನೋಡದೆ ಬ್ಯಾಂಕು ಸಾಲ ಕೊಡಬಾರದು, ವಿದ್ಯುತ್, ನೀರಿನ ಕನೆಕ್ಷನ್ ಕೊಡಬಾರದು ಅಂತ. ಈಗಾಗಲೇ ಮೀಟರ್ ಇರುವ ನಿಮ್ಮ ಮನೆಯ ಕರೆಂಟು ನಾಳೆಯೇ ಹೋಗುತ್ತದೆ ಅಂತ ಅಲ್ಲ. ಆದರೆ ನಾಳೆ ನಿಮ್ಮಿಂದ ಕೊಳ್ಳುವವನು ಸಾಲ ಮಾಡಿಯೇ ಕೊಳ್ಳುವವನಾಗಿದ್ದರೆ ಅವನು ಬಾಗಿಲಿನಿಂದಲೇ ವಾಪಸ್.

ಇನ್ನೊಂದು, ತಮ್ಮನ ಹತ್ತಿರ ಜಿಪಿಎ ಇದೆ ಅಂದಿರಿ. ಅದರ ಜೆರಾಕ್ಸ್ ನೋಡಿದಿರಾ? ಜಿಪಿಎ ಮೇಲೇ ಮನೆ ಮಾರಿಕೊಳ್ಳುವುದು ಮಾಲೀಕತ್ವ ಕೊಡುವುದಿಲ್ಲ ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿ ಆಗಿದೆ. ಆದರೆ ಓನರ್ ಪರವಾಗಿ ಕ್ರಯಪತ್ರಕ್ಕೆ ಸಹಿ ಹಾಕಲು ತಮ್ಮನಿಗೆ ಅಧಿಕಾರ ಕೊಡುವುದು ಬೇರೆ, ಅದು ನಡೆಯುತ್ತದೆ. ಅದಕ್ಕೆ ಆ ಪತ್ರದಲ್ಲಿ ಈ ಫ್ಲ್ಯಾಟಿನ ವಿವರ, ಮಾರುವ ಅಧಿಕಾರ, ದುಡ್ಡು ಪಡೆಯುವ ಅಧಿಕಾರ ಎಲ್ಲ ಬಿಡಿಸಿ ಬರೆದಿರಬೇಕು. ಹೊರದೇಶದಲ್ಲಿ ಬರೆದದ್ದಾದರೆ ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿ ಆಫೀಸಿನಲ್ಲಿ ಸ್ಟ್ಯಾಂಪ್ ಡ್ಯೂಟಿ ಕಟ್ಟಿಸಿರಬೇಕು. ಇದು ಮಾಡಿಸದೆ ಬಂದು ನಮ್ಮ ಬೆಂಚಿನ ಮೇಲೆ ಕೂತು ಬೆವರು ಒರೆಸಿಕೊಳ್ಳುವವರನ್ನು ವಾರಕ್ಕೆ ಇಬ್ಬರನ್ನಾದರೂ ನೋಡುತ್ತೇನೆ. ಬರೆದುಕೊಟ್ಟವರು ತೀರಿಕೊಂಡರೆ ಆ ಅಧಿಕಾರವೂ ಅಲ್ಲಿಗೇ ಮುಗಿಯಿತು. ಹಾಗಾಗಿ ಓನರ್ ಜೊತೆ ವಿಡಿಯೋ ಕಾಲ್‌ನಲ್ಲಿ ಒಂದು ಸಲ ಮುಖ ನೋಡಿ ಮಾತಾಡಿ.

ಜರ್ಸಿ_ಕನ್ನಡಿಗ · 9 ನವೆಂಬರ್ 2025

ಇಷ್ಟು ಮಾತಾಡಿದರೂ ಯಾರೂ ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿಯುವ ತೆರಿಗೆ) ಹೆಸರು ಎತ್ತಲಿಲ್ಲವಲ್ಲ! ಮೇಡಂ, ಇದು ನಿಮ್ಮ ಜೇಬಿಗೆ ನೇರವಾಗಿ ಬರುವ ವಿಷಯ.

50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯ ಮನೆ ತಗೊಂಡರೆ ಕೊಳ್ಳುವವರು ಶೇ 1 ಹಿಡಿದು ಸರ್ಕಾರಕ್ಕೆ ಕಟ್ಟಬೇಕು, ಇದು ಎಲ್ಲರಿಗೂ ಗೊತ್ತು. ಆದರೆ ಅದು ಮಾರುವವರು ಇಲ್ಲಿಯ ನಿವಾಸಿ ಆಗಿದ್ದರೆ ಮಾತ್ರ. ಎನ್‌ಆರ್‌ಐ ಆದರೆ ನಿಯಮವೇ ಬೇರೆ. ಶೇ 12.5, ಅದರ ಮೇಲೆ ಸರ್‌ಚಾರ್ಜು, ಸೆಸ್ಸು. ಮಾರುವವರು ಇನ್‌ಕಮ್ ಟ್ಯಾಕ್ಸ್‌ನಿಂದ ಕಡಿಮೆ ಕಡಿತದ ಸರ್ಟಿಫಿಕೇಟ್ ತರದಿದ್ದರೆ ಪೂರ್ತಿ ಬೆಲೆಯ ಮೇಲೇ ಹಿಡಿಯುವುದು ವಾಡಿಕೆ. 58 ಲಕ್ಷಕ್ಕೆ ಶೇ 1 ಅಂದರೆ 58 ಸಾವಿರ. 12.5 ಅಂದರೆ 7 ಲಕ್ಷ 25 ಸಾವಿರ, ಸರ್‌ಚಾರ್ಜು ಬೇರೆ. ನೀವು ಹಿಡಿಯದೆ ಪೂರ್ತಿ ದುಡ್ಡು ಕೊಟ್ಟುಬಿಟ್ಟರೆ ನೋಟಿಸ್ ಬರುವುದು ಅಮೆರಿಕಕ್ಕಲ್ಲ, ದಾವಣಗೆರೆಗೆ. ಜೊತೆಗೆ ಹಿಡಿದ ದುಡ್ಡಿನ ಲೆಕ್ಕವನ್ನು ನೀವೇ ಇನ್‌ಕಮ್ ಟ್ಯಾಕ್ಸ್‌ಗೆ ಕೊಡಬೇಕು. ಇದಕ್ಕೊಬ್ಬ ಸಿಎ ಹಿಡಿಯಿರಿ.

ನಾನು ಮೈಸೂರಿನ ನಮ್ಮ ಮನೆ ಮಾರುವಾಗ ಆ ಸರ್ಟಿಫಿಕೇಟ್‌ಗೆ ಫಾರಂ 13 ಹಾಕಿದ್ದೆ. ಬರಲು ಎರಡು ತಿಂಗಳ ಹತ್ತಿರ ಆಯಿತು. ಕೊಂಡವರು ಪಾಪ ಕಾದರು. ಅಂದರೆ ಎನ್‌ಆರ್‌ಐ ಒಬ್ಬರು "ಭಾನುವಾರದೊಳಗೆ ಟೋಕನ್, ತಿಂಗಳೊಳಗೆ ರಿಜಿಸ್ಟ್ರೇಷನ್" ಅಂತಿದ್ದರೆ, ಒಂದೋ ಅವರಿಗೆ ಇದು ಗೊತ್ತಿಲ್ಲ, ಇಲ್ಲ ನಿಮಗೆ ಗೊತ್ತಿಲ್ಲ ಅಂತ ಅಂದುಕೊಂಡಿದ್ದಾರೆ.

ದುಡ್ಡು ಹೋಗಬೇಕಾದದ್ದು ಓನರ್‌ನ ಎನ್‌ಆರ್‌ಒ ಖಾತೆಗೆ (ಎನ್‌ಆರ್‌ಐಗಳು ಇಲ್ಲಿನ ಬ್ಯಾಂಕಿನಲ್ಲಿ ಇಡುವ ರೂಪಾಯಿ ಖಾತೆ). ತಮ್ಮನ ಖಾತೆಗೆ ಹಾಕಿ ಅಂದರೆ ಬೇಡ ಅನ್ನಿ.

ಬಾಡಿಗೆ_ಬದುಕು · 10 ನವೆಂಬರ್ 2025

ಹದಿನೈದು ವರ್ಷದಿಂದ ಬಾಡಿಗೆ ಮನೆಯಲ್ಲೇ ಇರುವವನ ಕಡೆಯಿಂದ ಎರಡು ಮಾತು. ಎಲ್ಲರೂ ಓನರ್ ಕಾಗದ ನೋಡುತ್ತಿದ್ದೀರಿ, ಒಳಗಿರುವವರ ಕಾಗದ ಯಾರು ನೋಡುತ್ತಾರೆ? ಅವರ ಬಾಡಿಗೆ ಕರಾರು ಕೇಳಿ. ಹನ್ನೊಂದು ತಿಂಗಳದ್ದಾ, ಮುಗಿದಿದೆಯಾ, ಅಡ್ವಾನ್ಸ್ ನಿಜವಾಗಿ ಎಷ್ಟು. ಬ್ರೋಕರ್ ಬಾಯಲ್ಲಿ ಅಲ್ಲ, ಅವರ ಬಾಯಲ್ಲೇ ಕೇಳಿ. ಮನೆ ನಿಮ್ಮ ಹೆಸರಿಗೆ ಬಂದ ದಿನದಿಂದ ಅವರಿಗೆ ಓನರ್ ನೀವು. ಖಾಲಿ ಮಾಡುವಾಗ ಅವರು ಅಡ್ವಾನ್ಸ್ ಕೇಳುವುದು ನಿಮ್ಮನ್ನೇ. ಆ ದುಡ್ಡನ್ನು ಬೆಲೆಯಲ್ಲಿ ಕಳೆದುಕೊಂಡು, ಮೂರೂ ಜನ ಸಹಿ ಹಾಕಿದ ಒಂದು ಪತ್ರ ಮಾಡಿಸಿಕೊಳ್ಳಿ.

ನನಗೆ ಒಂದು ಸಲ ಹೀಗೇ ಆಯಿತು. ಹಳೇ ಓನರ್ "ಹೊಸಬರನ್ನು ಕೇಳಿ" ಅಂದರು, ಹೊಸಬರು "ನಮಗೇನು ಕೊಟ್ಟಿಲ್ಲ" ಅಂದರು. ಎಂಟು ತಿಂಗಳು ಓಡಾಡಿ ಅರ್ಧ ಸಿಕ್ಕಿತು.

ಮತ್ತೆ ಕಂದಾಯದ ರಸೀತಿ ತೆಗೆದು ನೋಡಿ. ಬಾಡಿಗೆಗೆ ಕೊಟ್ಟ ಮನೆಗೆ ಕಂದಾಯದ ದರ ಜಾಸ್ತಿ, ಸ್ವಂತ ವಾಸಕ್ಕೆ ಕಡಿಮೆ. ಬಾಡಿಗೆದಾರರನ್ನು ಇಟ್ಟುಕೊಂಡು "ಸ್ವಂತ ವಾಸ" ಅಂತ ಬರೆದು ಕಟ್ಟುವವರು ಬೇಕಾದಷ್ಟು ಜನ. ಸಿಕ್ಕಿಬಿದ್ದರೆ ವ್ಯತ್ಯಾಸ, ದಂಡ, ಬಡ್ಡಿ ಎಲ್ಲ ಆಸ್ತಿಯ ಮೇಲೆ ಬರುತ್ತದೆ. ಆಗ ಆಸ್ತಿ ನಿಮ್ಮದಾಗಿರುತ್ತದೆ.

ಬೆಣ್ಣೆದೋಸೆ_ದಾವಣಗೆರೆ · 16 ನವೆಂಬರ್ 2025

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಬಂತು, ಟೋಕನ್ ಕೊಟ್ಟಿಲ್ಲ. ಗುರುವಾರ ರಜೆ ಹಾಕಿ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿದ್ದೆ. ಏನೇನು ಸಿಕ್ಕಿತು ಹೇಳುತ್ತೇನೆ.

ಕಂದಾಯದ ರಸೀತಿ: "ಸ್ವಂತ ವಾಸ". ಬಾಡಿಗೆ_ಬದುಕು ಅವರೇ, ನಿಮಗೆ ದೊಡ್ಡ ನಮಸ್ಕಾರ. ಬಾಡಿಗೆದಾರರು ಅಲ್ಲಿ ಆರು ವರ್ಷದಿಂದ ಇದ್ದಾರೆ.

ಅಡ್ವಾನ್ಸ್: ಒಂದೂವರೆ ಅಲ್ಲ, ಎರಡು ಲಕ್ಷ. ಆಂಟಿ ಒಳಗೆ ಕರೆದು ಕಾಫಿ ಕೊಟ್ಟು, ಬೀರುವಿನಿಂದ ಹಳೇ ಕರಾರು ತೆಗೆದು ತೋರಿಸಿದರು. ಆ ಕರಾರು 2020ರಲ್ಲೇ ಮುಗಿದಿದೆ, ಆಮೇಲೆ ಹೊಸದು ಮಾಡಿಲ್ಲ.

ಜಿಪಿಎ: 2019ರದ್ದು. ಅಲ್ಲಿ ನೋಟರಿ ಮುಂದೆ ಸಹಿ ಆಗಿದೆ, ಇಲ್ಲಿ ಸ್ಟ್ಯಾಂಪ್ ಡ್ಯೂಟಿ ಕಟ್ಟಿಸಿದ ಗುರುತೇ ಇಲ್ಲ. ತಮ್ಮನನ್ನು ಕೇಳಿದರೆ "ಅದೆಲ್ಲ ಅಲ್ಲೇ ಮ್ಯಾನೇಜ್ ಮಾಡೋಣ" ಅಂದರು. ಟಿಡಿಎಸ್ ವಿಷಯ ತೆಗೆದಾಗ ಅವರ ಮುಖ ನೋಡಬೇಕಿತ್ತು.

ಇಸಿ: ಕಾವೇರಿಯಲ್ಲಿ (ನೋಂದಣಿ ಇಲಾಖೆಯ ವೆಬ್‌ಸೈಟ್) ನಾನೇ ಹೊಸದಾಗಿ ಅರ್ಜಿ ಹಾಕಿ ತೆಗೆದೆ. 2006ರಲ್ಲಿ ಬ್ಯಾಂಕಿಗೆ ಪತ್ರ ಅಡ ಇಟ್ಟ ಒಂದು ನಮೂದು ಇದೆ. ಬಿಡುಗಡೆಯ ನಮೂದು ಇಲ್ಲ. ನನಗೆ ಕೊಟ್ಟಿದ್ದ ಇಸಿ 2010ರಿಂದ ಶುರುವಾಗಿತ್ತು! ಸಾಲ ಯಾವಾಗಲೋ ತೀರಿದೆ, ಮೂಲ ಪತ್ರ ಕೈಯಲ್ಲೇ ಇದೆ ಅಂತಾರೆ.

ಕೊನೆಯದು ಹೇಳಲು ನನಗೇ ಒಂಥರಾ ಆಗುತ್ತಿದೆ. ಮೊದಲನೇ ಮಹಡಿಯಲ್ಲಿ ಸೆಕ್ರೆಟರಿ ಅಂಕಲ್ ಇದ್ದಾರೆ. ಅವರ ಫೈಲಿನಲ್ಲಿ ಮಂಜೂರಾದ ನಕ್ಷೆಯ ಜೆರಾಕ್ಸ್ ಇತ್ತು. ನೆಲಮಹಡಿ, ಮೊದಲು, ಎರಡನೆಯದು, ಅಷ್ಟೇ. ಆರು ಮನೆ. ಮೂರನೇ ಮಹಡಿ ಇರಬೇಕಾದ ಕಡೆ "ತಾರಸಿ" ಅಂತ ಬರೆದಿದೆ. ಅಂದರೆ ಅಮ್ಮ ಮೆಚ್ಚಿದ ಆ ಕಿಟಕಿ ನಕ್ಷೆಯ ಪ್ರಕಾರ ಗಾಳಿಯಲ್ಲಿದೆ. ಅಂಕಲ್ ಕ್ರಯಪತ್ರದಲ್ಲಿ ಜಾಗದ ಪಾಲು 400 ಚದರಡಿ, ನಾನು ನೋಡಿದ ಮನೆಯದರಲ್ಲಿ 300. ಬೇರೆಯವರ ಪತ್ರ ನೋಡಿಲ್ಲ. ಆದರೆ ಆರು ಮನೆಗೂ 400 ಅಂತಾದರೆ ಅಲ್ಲಿಗೇ 2400 ಮುಗಿದುಹೋಗುತ್ತದೆ.

ಇದನ್ನೆಲ್ಲ ಹೇಳಿದ ಮೇಲೆ ಬ್ರೋಕರ್ ರಾತ್ರಿ ಫೋನ್ ಮಾಡಿ 58 ಇದ್ದದ್ದನ್ನು 49ಕ್ಕೆ ಇಳಿಸಿದ. ಅಪ್ಪ ಈಗ "ಒಂಬತ್ತು ಲಕ್ಷ ಕಡಿಮೆ ಅಂದರೆ ಯೋಚನೆ ಮಾಡು" ಅಂತಿದ್ದಾರೆ.

ಹಳೇ_ಲೆಡ್ಜರ್ · 16 ನವೆಂಬರ್ 2025

ಒಂದೇ ಫೋನಿನಲ್ಲಿ ಒಂಬತ್ತು ಲಕ್ಷ ಇಳಿಸುವವರಿಗೆ ಆ ತಾರಸಿ ವಿಷಯ ಮೊದಲೇ ಗೊತ್ತಿತ್ತು ಅಂತಲೇ ಲೆಕ್ಕ.

ನೋಡಮ್ಮ, ನೀವು ಪಟ್ಟಿ ಮಾಡಿದ್ದರಲ್ಲಿ ಮುಕ್ಕಾಲು ಪಾಲು ರಿಪೇರಿ ಆಗುವಂಥದ್ದೇ. ಅಡ ಇಟ್ಟ ನಮೂದಿಗೆ ಬ್ಯಾಂಕಿನಿಂದ ಸಾಲ ತೀರಿದ ಪತ್ರ ತಂದು ಬಿಡುಗಡೆ ಪತ್ರ ನೋಂದಾಯಿಸಿದರೆ ಮುಗಿಯಿತು. ಓನರ್‌ಗೆ ಬೇಸರದ ಕೆಲಸ, ಆದರೆ ಆಗುತ್ತದೆ. ಈಚೆಗೆ ತೀರಿದ ಸಾಲಗಳಿಗೆ ಬ್ಯಾಂಕಿನಿಂದ ಪತ್ರ ತಡವಾಗುವ ತೊಂದರೆಯೂ ಕಡಿಮೆ. 2023ರ ಡಿಸೆಂಬರ್ 1ರಿಂದ ಮೂವತ್ತು ದಿನದೊಳಗೆ ಮೂಲ ಪತ್ರ ವಾಪಸ್ ಕೊಡದಿದ್ದರೆ ಗ್ರಾಹಕರಿಗೆ ದಿನಕ್ಕೆ 5,000 ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ಜಿಪಿಎ ಹೊಸದಾಗಿ ಬರೆಸಬಹುದು. ಕಂದಾಯದ ವ್ಯತ್ಯಾಸ ಕಟ್ಟಿಸಬಹುದು. ಟಿಡಿಎಸ್‌ಗೆ ಸರ್ಟಿಫಿಕೇಟ್ ತರಿಸಬಹುದು. ನಕ್ಷೆಯಲ್ಲಿ ಇಲ್ಲದ ಮಹಡಿಯನ್ನು ಮಾತ್ರ ನೀವು ಯಾವ ಕೌಂಟರಿನಲ್ಲೂ ಸರಿ ಮಾಡಿಸಲು ಆಗುವುದಿಲ್ಲ. ಅದು ಒಳಗೆ ಕೂತಿದೆ, 58ಕ್ಕೂ ಅದೇ, 49ಕ್ಕೂ ಅದೇ. ನಾನಾಗಿದ್ದರೆ 35ಕ್ಕೂ ಮುಟ್ಟುತ್ತಿರಲಿಲ್ಲ.

ಮೂರು_ಮನೆ_ಮಂಜ · 17 ನವೆಂಬರ್ 2025

ಸರಿ, ಇದು ನನಗೂ ಜಾಸ್ತಿ ಆಯಿತು. ಆದರೂ ಹೇಳುತ್ತೇನೆ, 49ಕ್ಕೆ ಸಿಕ್ಕರೆ ಬಾಡಿಗೆ ಲೆಕ್ಕದಲ್ಲಿ ಶೇ 5ರ ಹತ್ತಿರ ಬರುತ್ತದೆ. ಮಾರದೇ ಇಟ್ಟುಕೊಳ್ಳುವವರಿಗೆ, ರಿಸ್ಕ್ ಗೊತ್ತಿದ್ದು ತಗೊಳ್ಳುವವರಿಗೆ ಅದೊಂದು ವ್ಯವಹಾರ. ಅಪ್ಪನ ರಿಟೈರ್‌ಮೆಂಟ್ ದುಡ್ಡಿನಲ್ಲಿ ಮಾಡುವ ವ್ಯವಹಾರ ಅಲ್ಲ, ಅಷ್ಟು ಒಪ್ಪುತ್ತೇನೆ.

(ನಿನ್ನೆ ರಾತ್ರಿ ನನ್ನ ಮೂರೂ ಮನೆಯ ಕ್ರಯಪತ್ರ ತೆಗೆದು ಯುಡಿಎಸ್ ಕೂಡಿಸಿದೆ. ಎರಡು ಸರಿ ಇವೆ. ಮೂರನೆಯದರ ಬಗ್ಗೆ ಬೇರೆ ಥ್ರೆಡ್ ಹಾಕುತ್ತೇನೆ, ಲೆಡ್ಜರ್ ಸರ್ ದಯವಿಟ್ಟು ಬನ್ನಿ.)

ಬೆಣ್ಣೆದೋಸೆ_ದಾವಣಗೆರೆ · 19 ನವೆಂಬರ್ 2025

ಬೇಡ ಅಂತ ಹೇಳಿಬಿಟ್ಟೆ. ಬ್ರೋಕರ್ "ನೀವು ಜನ್ಮದಲ್ಲಿ ಮನೆ ತಗೊಳ್ಳಲ್ಲ ಬಿಡಿ ಮೇಡಂ" ಅಂದ. ಅಮ್ಮ ಎರಡು ದಿನ ಮಾತಾಡಲಿಲ್ಲ, ಈಗ ಸರಿ ಹೋಗಿದ್ದಾರೆ.

ಒಂದು ಕೊನೇ ಪ್ರಶ್ನೆ, ನನಗಲ್ಲ. ಇವತ್ತು ಆ ಮನೆಯ ಆಂಟಿ ಫೋನ್ ಮಾಡಿದ್ದರು. ಹೇಗೂ ಯಾರಿಗೋ ಮಾರುತ್ತಾರೆ, ನಮ್ಮ ಎರಡು ಲಕ್ಷ ಏನಾಗುತ್ತದಮ್ಮ ಅಂತ. ಏನು ಹೇಳಲಿ?

ಬಾಡಿಗೆ_ಬದುಕು · 19 ನವೆಂಬರ್ 2025

ಹಳೇ ಕರಾರಿನ ಮೂಲ ಪ್ರತಿ, ಅಡ್ವಾನ್ಸ್ ಕೊಟ್ಟ ದಿನದ ಪಾಸ್‌ಬುಕ್ ಪುಟ, ಎರಡರದ್ದೂ ಫೋಟೋ ತೆಗೆದು ಮಕ್ಕಳಿಗೆ ಕಳಿಸಿ ಇಟ್ಟುಕೊಳ್ಳಲು ಹೇಳಿ. ನಗದು ಕೊಟ್ಟಿದ್ದರೆ, ಅಡ್ವಾನ್ಸ್ ಎರಡು ಲಕ್ಷ ಅಂತ ಬರೆದು ಓನರ್‌ಗೆ ಇವತ್ತೇ ಒಂದು ವಾಟ್ಸಾಪ್ ಹಾಕಲಿ, ತಮ್ಮನಿಗಲ್ಲ, ಅಮೆರಿಕದ ನಂಬರಿಗೇ. "ಹೌದು" ಅಂತ ಒಂದು ಉತ್ತರ ಬಂದರೂ ಸಾಕು. ಈಗಿನ ಓನರ್ ಜೊತೆಗೇ ಹೊಸ ಹನ್ನೊಂದು ತಿಂಗಳ ಕರಾರು ಮಾಡಿಸಿಕೊಳ್ಳಲಿ, ಅದರಲ್ಲಿ ಅಡ್ವಾನ್ಸ್ ಮೊತ್ತ ಅಕ್ಷರದಲ್ಲೂ ಅಂಕಿಯಲ್ಲೂ ಬರೆಸಲಿ. ಮನೆ ಕೈ ಬದಲಾಗುವ ಮುಂಚೆ ಆಗಬೇಕು ಇದು. ಆಮೇಲೆ ಕೇಳಿದರೆ ಇಬ್ಬರೂ ಆಕಾಶ ನೋಡುತ್ತಾರೆ.